ಚೂಟಿಯಿಂದ ಕದ್ದ ಸೋಲುಗಳು

ಮೂರು ವರ್ಷದಿಂದ ಚೂಟಿ ಲೂಡೋದಲ್ಲಿ ಒಂದು ಸಲವೂ ಸೋತಿರಲಿಲ್ಲ. ಹನ್ನೊಂದರ ಈ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣದು. ಬಾಯಿ ಮಾತ್ರ ಬೀದಿಗೆಲ್ಲ ಕೇಳಿಸುತ್ತಿತ್ತು. ದಾಳ ಅವಳು ಎಸೆಯುವಳು, ಎಷ್ಟು ಬಿತ್ತೆಂದು ಅಮ್ಮ ಹೇಳುವಳು, ಕಾಯಿಯನ್ನು ಸೋದರಮಾವ ನಡೆಸುವನು. ಗೆದ್ದಾಗ ಮನೆಯೆಲ್ಲ ಚಪ್ಪಾಳೆ. ಆ ಧೈರ್ಯದ ಮೇಲೆ ಶಾಲೆಯ ಪಂದ್ಯಕ್ಕೆ ಹೆಸರು ಕೊಟ್ಟು, ತನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲವೆಂದು ತರಗತಿಯಲ್ಲೆಲ್ಲ ಜಂಬ ಕೊಚ್ಚಿಕೊಂಡು ಬಂದಿದ್ದಳು. ಪಂದ್ಯ ಸೋಮವಾರ.

ಅಲ್ಲಿ ಎಣಿಸಿ ಹೇಳಲು ಅಮ್ಮ ಇರುವುದಿಲ್ಲವಲ್ಲ. ಅದಕ್ಕೆಂದೇ ಬಡಗಿಯಾದ ಅಪ್ಪ ಎರಡು ವಾರ ಕೂತು ಮರದ ಹಲಗೆಯೊಂದನ್ನು ಮಾಡಿದ. ಆಟದ ಒಂದೊಂದು ಮನೆಗೂ ಒಂದು ತೂತು, ತೂತಿಗೆ ಸಿಕ್ಕಿಸುವ ಗೂಟದಂಥ ಕಾಯಿಗಳು. ಚೂಟಿಯವಕ್ಕೆ ಗುಂಡು ತಲೆ, ಮಾವನವಕ್ಕೆ ಚೌಕ, ತನ್ನವಕ್ಕೆ ಚೂಪು. ದಾಳದ ಚುಕ್ಕಿಗಳ ಜಾಗದಲ್ಲಿ ಸಣ್ಣ ಮೊಳೆಯ ತಲೆಗಳು. ಒಂದು ಸಿಬಿರೂ ಕೈಗೆ ಚುಚ್ಚದಂತೆ ಉಜ್ಜಿದ್ದ. ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಶನಿವಾರ ಮಧ್ಯಾಹ್ನ ಹೊಸ ಹಲಗೆಯಲ್ಲಿ ಮೊದಲ ಆಟ. ಆಟ ಅರ್ಧಕ್ಕೆ ಬಂದಾಗ ಚೂಟಿ ದಾಳ ಎಸೆದು ಬೆರಳಾಡಿಸಿದಳು. ಎರಡು ಮೊಳೆ. ಅಷ್ಟರಲ್ಲಿ ಅಮ್ಮ ರೂಢಿಯಂತೆ "ಆರು!" ಎಂದು ಕೂಗಿಯಾಗಿತ್ತು.

"ಎರಡು," ಎಂದಳು ಚೂಟಿ.

"ಹೌದೇನೇ? ಸರಿಯಾಗಿ ನೋಡ್ಲಿಲ್ಲ ಕಣೇ."

ಆಮೇಲೆ ಮಾವನಿಗೆ ನಾಲ್ಕು ಬಿತ್ತು. ಚೂಟಿ ತೂತುಗಳನ್ನು ತಡವಿ ಎಣಿಸಿದಳು. ತನ್ನ ಕಾಯಿಗಿಂತ ನಾಲ್ಕು ಮನೆ ಹಿಂದಿದ್ದ ಚೌಕ ತಲೆ ಈಗ ಒಂದು ಮನೆ ಮುಂದಿತ್ತು. ಅವಳ ಕಾಯಿ ಕಡಿಯಬೇಕಾದವನು ಐದು ನಡೆಸಿ ದಾಟಿಹೋಗಿದ್ದ.

"ಮಾವ, ಯಾಕೆ ಕಡೀಲಿಲ್ಲ?"

ಮಾವ ಕೆಮ್ಮಿದ.

"ನಾನು ಇಷ್ಟು ದಿನ ಗೆದ್ದಿದ್ದೆಲ್ಲಾ ಹೀಗೇನಾ?"

"ನೀನು ಖುಷಿಯಾಗಿರ್ಲಿ ಅಂತ, ಕಂದಾ..." ಎಂದಳು ಅಮ್ಮ.

ಚೂಟಿಗೆ ಮೈಯೆಲ್ಲ ಉರಿದುಹೋಯಿತು. ಖುಷಿಯಂತೆ ಖುಷಿ! ಕಳ್ಳರಾದರೂ ಕತ್ತಲಾಗಲೆಂದು ಕಾಯುತ್ತಾರೆ. ಇವರು ಅವಳ ಕಣ್ಣಿನ ಕತ್ತಲನ್ನೇ ಬಳಸಿಕೊಂಡಿದ್ದರು. ಎದುರಿಗೇ ಕೂತು, ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದ್ದರು. ಆ ಚಪ್ಪಾಳೆ ನೆನೆದೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

"ಸೋಮವಾರ ಅಲ್ಲಿ ಯಾರು ಬಿಟ್ಕೊಡ್ತಾರೆ ನಂಗೆ? ಕಾಯಿ ಕಡಿಸ್ಕೊಂಡ್ಮೇಲೆ ಏನ್ಮಾಡ್ಬೇಕು ಅಂತಾನೇ ನಂಗೆ ಗೊತ್ತಿಲ್ಲ! ನಂಗೆ ಆಟಾನೇ ಬರಲ್ಲ!"

ಮಾವ ಕಡಿಯದೆ ಬಿಟ್ಟ ತನ್ನ ಗುಂಡು ತಲೆಯನ್ನು ಕಿತ್ತು ಹೊರಗಿಟ್ಟಳು. "ಇದು ಸತ್ತಿದೆ. ಈಗ ಆಡಿ. ಯಾರೂ ಬಾಯಿ ಬಿಡ್ಬೇಡಿ."

ಆಟ ಮುಂದುವರಿಯಿತು. ಒಂದೊಂದು ಎಸೆತಕ್ಕೂ ಅವಳೇ ದಾಳ ತಡವಿದಳು, ಅವಳೇ ಎಣಿಸಿದಳು. ಅವಳ ಕೊನೆಯ ಕಾಯಿ ಗುರಿ ಮುಟ್ಟಲು ಸ್ವಲ್ಪವೇ ಇದ್ದಾಗ, ಮೂರು ಮನೆ ಹಿಂದೆ ಅಪ್ಪನ ಕಾಯಿ ಇತ್ತು. ಅಪ್ಪನಿಗೆ ಸರಿಯಾಗಿ ಮೂರೇ ಬಿತ್ತು. ಅವನು ಹಿಂಜರಿದ. ಆಮೇಲೆ ಮೆಲ್ಲಗೆ, ಹಲಗೆಯ ಆಚೆ ಮೂಲೆಯಲ್ಲಿದ್ದ ಇನ್ನೊಂದು ಕಾಯಿಯನ್ನು ನಡೆಸಿದ.

ಚೂಟಿಯ ಬೆರಳು ಅಲ್ಲಿಗೂ ಹೋಯಿತು.

"ಅಪ್ಪಾ, ಈ ಹಲಗೆ ಮಾಡಿದ್ದು ನಾನು ಆಡೋಕಾ, ನಿನ್ನ ಸಮಾಧಾನಕ್ಕಾ?"

ಅಪ್ಪನ ಮುಖ ಸಪ್ಪಗಾಯಿತು. ನಡೆಸಿದ್ದನ್ನು ಹಿಂದಿಟ್ಟು, ಮಗಳ ಕಾಯಿಯನ್ನು ಕಿತ್ತು, ಆ ತೂತಿಗೆ ತನ್ನದನ್ನು ಒತ್ತಿದ. ಅಮ್ಮ "ಅಯ್ಯೋ" ಎಂದಳು. ಅಲ್ಲಿಂದ ಮುಂದೆ ಅವನು ನಿಜವಾಗಿ ಆಡಿದ, ಗೆದ್ದ.

"ಮೋಸ!" ಎಂದು ಕಿರುಚಿ ಚೂಟಿ ಹಲಗೆಯನ್ನು ಮಗುಚಿದಳು. ಮೋಸ ನಡೆದಿರಲಿಲ್ಲ, ಅವಳಿಗೂ ಅದು ಗೊತ್ತಿತ್ತು. ಉರಿಯುವ ಮುಖದಲ್ಲೇ ನೆಲಕ್ಕೆ ಕೂತು, ಚೆಲ್ಲಿದ ಕಾಯಿಗಳನ್ನು ತಡಕತೊಡಗಿದಳು. ಹೆಕ್ಕಿಕೊಡಲೆಂದು ಅಪ್ಪ ಬಗ್ಗಿದ.

"ಮುಟ್ಬೇಡ," ಎಂದಳು. "ಇನ್ನೊಂದಾಟ ಇದೆ. ಕೂತ್ಕೋ."