ತಂತಿಯ ಆಚೆ ತುದಿ

"ಸ್ವಲ್ಪ ಎಡಕ್ಕೆ ಎಳೀರಿ. ಇನ್ನೂ ಸ್ವಲ್ಪ. ಹಾಂ, ಈಗ ಕಟ್ಟಿ," ಎಂದರು ಕ್ರಿಯೆ ಮಾಡಿಸುವ ಅಯ್ನೋರು ಮರಿಯಯ್ಯನವರು.

ಶಾಂತಾದೇವಿಯ ತಲೆ ಮತ್ತೆ ಬಲಕ್ಕೆ ವಾಲಿತ್ತು. ಗೋಡೆಯ ಮೊಳೆಗೆ ಕಟ್ಟಿದ್ದ ಬಟ್ಟೆಯ ಪಟ್ಟಿ ಬೆಳಗಾಗುವ ಹೊತ್ತಿಗೆ ಸಡಿಲವಾಗಿತ್ತು. ಆ ಮನೆತನದಲ್ಲಿ ಹೋದವರನ್ನು ಮಲಗಿಸುವುದಿಲ್ಲ; ಕೂರಿಸಿ, ಹಣೆಗೆ ವಿಭೂತಿ ಇಟ್ಟು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಬದುಕಿದ್ದಾಗ ಒಂದು ಕಡೆ ಕೂತು ಕಾಫಿ ಕುಡಿದವಳಲ್ಲ ಶಾಂತಾದೇವಿ. ಈಗ ಅವಳನ್ನು ಕೂರಿಸಲು ಇಷ್ಟು ಜನ ಹೆಣಗುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಆ ಮೊಳೆ ತಡಿಯುತ್ತಾ?" ಎಂದು ಕೇಳಿದ ಅವಳ ಗಂಡ ವಿಶ್ವನಾಥ. ಯಾರು ಏನು ಹೇಳಿದರೂ ಅವನಿಗೆ ಕೇಳಿಸುವುದು ಅನುಮಾನವೇ. ಮನೆಗೆ ಅಂಟಿಕೊಂಡೇ ಇರುವ ಹಿಟ್ಟಿನ ಗಿರಣಿಯ ಸದ್ದು ಮೂವತ್ತು ವರ್ಷದಲ್ಲಿ ಅವನ ಕಿವಿಯನ್ನು ಮುಕ್ಕಾಲು ತಿಂದಿತ್ತು. ಆದರೆ ಪ್ರಶ್ನೆ ಕೇಳುವ ಚಾಳಿ ಮಾತ್ರ ಹೋಗಿರಲಿಲ್ಲ. ರಾಗಿ ತಂದವರನ್ನು ಯಾವೂರ ರಾಗಿ, ಯಾವ ಹೊಲ, ಮಳೆ ಹೇಗಿತ್ತು ಎಂದು ಕೇಳಿ, ಉತ್ತರಕ್ಕೆ ಕಿವಿಯ ಹಿಂದೆ ಕೈ ಇಟ್ಟುಕೊಂಡು ಬಾಗುವುದನ್ನು ಒಂಟಿಕೊಪ್ಪಲಿನವರೆಲ್ಲ ಬಲ್ಲರು.

ಬಂದವರು ಹೂವಿನ ಹಾರ ಹಾಕಿ, ಒಂದು ಗಳಿಗೆ ನಿಂತು, ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳುತ್ತಿದ್ದರು. "ಬಾಯಿಗೆ ನೀರು ಬಿಟ್ಟೋರು ಯಾರು?"

ಉತ್ತರ ಹೇಳುವ ಕೆಲಸವನ್ನು ಶಾಂತಾದೇವಿಯ ತಂಗಿ ಕಮಲ ವಹಿಸಿಕೊಂಡಿದ್ದಳು. "ಅಗೋ, ಬಾಗಿಲ ಹತ್ರ ಕೂತವ್ಳಲ್ಲ, ಲಾಸ್ಯ ಅಂತ. ನಮ್ಮಕ್ಕನ ಕೈಕೆಳಗೆ ಅಪ್ರೆಂಟಿಸು. ಪಕ್ಕದಲ್ಲೇ ಇದ್ಲಂತೆ ಕಣ್ರೀ. ಅಷ್ಟಾದ್ರೂ ಪುಣ್ಯ."

ಎಲ್ಲರೂ ತಿರುಗಿ ನೋಡುತ್ತಿದ್ದರು. ಇಪ್ಪತ್ತೆರಡರ ಹುಡುಗಿ ಪ್ರತಿ ಸಲವೂ ತಲೆ ಇನ್ನಷ್ಟು ಕೆಳಗೆ ಹಾಕುತ್ತಿದ್ದಳು. ದುಃಖ, ಪಾಪ, ಎಂದುಕೊಂಡು ಅವರು ಮುಂದೆ ಹೋಗುತ್ತಿದ್ದರು. ದುಃಖವೇನೋ ಇತ್ತು. ಆದರೆ ಲಾಸ್ಯ ನೀರು ಬಿಟ್ಟಿರಲಿಲ್ಲ. ಪಕ್ಕದಲ್ಲೂ ಇರಲಿಲ್ಲ. ನಿನ್ನೆ ರಾತ್ರಿ ಕಮಲ ಅವಳ ಎರಡೂ ಕೈ ಹಿಡಿದುಕೊಂಡು, "ನೀರು ಬಿಟ್ಟೆ ತಾನೆ? ಬಿಟ್ಟೆ ತಾನೆ?" ಎಂದು ಅಳುತ್ತ ಕೇಳಿದಾಗ ಅವಳ ತಲೆ ಹೌದೆಂಬಂತೆ ತಾನಾಗಿ ಅಲ್ಲಾಡಿಬಿಟ್ಟಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಪಟ್ಟಿ ಬಿಗಿದು ಎದ್ದ ಮರಿಯಯ್ಯನವರು ಅವಳ ಹತ್ತಿರ ಬಂದು, "ನೀನು ಹೊರಟೋಗ್ಬೇಡಮ್ಮ. ಈ ಮನೇಲಿ ಒಂದು ರೂಢಿ ಇದೆ. ಗುಂಡೀಲಿ ಯಜಮಾನ್ರು ವಿಭೂತಿ ಹಾಕಿದ ಮೇಲೆ, ಕೊನೇ ನೀರು ಬಿಟ್ಟೋರು ಹಾಕ್ಬೇಕು. ಆಮೇಲೇ ಮಿಕ್ಕೋರು," ಎಂದರು.

ಸುಳ್ಳು ಹೇಳಿ ಹೆಣದ ಮುಂದೆ ನಿಲ್ಲುವುದು ಬೇರೆ, ಆ ಸುಳ್ಳಿನ ಮರ್ಯಾದೆಯನ್ನು ಕೈಯೊಡ್ಡಿ ತೆಗೆದುಕೊಳ್ಳುವುದು ಬೇರೆ. ವ್ಯಾನು ಹೊರಡುವುದರೊಳಗೆ ಹೇಳಿಬಿಡಬೇಕು ಎಂದುಕೊಂಡು ಲಾಸ್ಯ ಎದ್ದು ವಿಶ್ವನಾಥನ ಬಳಿ ಹೋದಳು.

"ಸಾರ್, ಒಂದು ಮಾತು ಹೇಳ್ಬೇಕು."

"ಗಟ್ಟಿಯಾಗಿ ಹೇಳು ಕಣಮ್ಮ."

ಹತ್ತಾರು ತಲೆಗಳು ತಿರುಗಿದವು. ಕೂಗಿ ಹೇಳುವ ಮಾತಲ್ಲ ಅದು. ಮೆಲ್ಲಗೆ ಹೇಳಿದರೆ ಕೇಳಿಸುವ ಮನುಷ್ಯನೂ ಅಲ್ಲ. ವಿಶ್ವನಾಥ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸೊಂಟದ ಬೀಗದ ಕೈ ತೆಗೆದುಕೊಂಡು, "ಬಾ," ಎಂದು ಗಿರಣಿಯ ಕಡೆ ನಡೆದ.

*

ಗಿರಣಿಯ ಮುಂಭಾಗದಲ್ಲೇ ಒಂದು ಕಾಲಕ್ಕೆ ಶಾಂತಾದೇವಿಯ ಎಸ್‌ಟಿಡಿ ಬೂತ್ ಇತ್ತು. ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಬೂತಿನಲ್ಲಿ ನೊಣ ಹೊಡೆಯುವುದಷ್ಟೇ ಕೆಲಸವಾಯಿತು. ಮುಚ್ಚುವ ದಿನ ಅವಳು ಸ್ಕ್ರೂಡ್ರೈವರ್ ತಂದು ಫೋನನ್ನು ಬಿಚ್ಚಿ ಹರವಿಕೊಂಡು ಕೂತಳು. ಇಷ್ಟು ವರ್ಷ ಅನ್ನ ಹಾಕಿದ ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆಯೋ ನೋಡೋಣ ಎಂದು. ನೋಡಿದಳು, ಆದರೆ ತಿರುಗಿ ಜೋಡಿಸಲು ಬರಲಿಲ್ಲ. ಅದೊಂದು ಅವಳ ನಿದ್ದೆ ಕೆಡಿಸಿತು.

ಕಟ್ಟಡದ ಕಂಪನಿಯೊಂದು ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತಿದೆ, ಬೆಂಕಿ ಬಿದ್ದರೆ ಕೂಗುವ ಅಲಾರಂ, ಕ್ಯಾಮೆರಾ, ಕಾರ್ಡು ತೋರಿಸಿದರೆ ತೆರೆಯುವ ಬಾಗಿಲು, ಇಂಥದ್ದನ್ನೆಲ್ಲ ಕಟ್ಟಡ ಏಳುವಾಗಲೇ ಕೂಡಿಸುವುದನ್ನು ಕಲಿಸುತ್ತಾರೆ ಎಂದು ಯಾರೋ ಹೇಳಿದರು. ಹೋದಳು. ನಲವತ್ತು ದಾಟಿದ ಹೆಂಗಸನ್ನು ನೋಡಿ ಎಂಜಿನಿಯರು ನಕ್ಕ. "ಈ ವಯಸ್ಸಲ್ಲಿ ಅಪ್ರೆಂಟಿಸಾ?"

"ಕಲಿಯೋಕೆ ಬಂದಿದೀನಿ ಸಾರ್, ಮದುವೆ ಆಗೋಕಲ್ಲ," ಎಂದಳಂತೆ ಶಾಂತಾದೇವಿ.

ಮೊದಲ ವರ್ಷವೆಲ್ಲ ಏಣಿ ಹೊರುವುದು, ಗೋಡೆ ಕೊರೆಯುವುದು, ಪೈಪಿನೊಳಗೆ ತಂತಿ ಎಳೆಯುವುದು. ಸಂಜೆ ತಲೆಯ ತುಂಬ ಸಿಮೆಂಟಿನ ಪುಡಿಯೊಂದಿಗೆ ಅವಳು, ಹಿಟ್ಟಿನ ಪುಡಿಯೊಂದಿಗೆ ಅವನು. ಇಬ್ಬರಲ್ಲಿ ಯಾರು ಮೊದಲು ಸ್ನಾನಕ್ಕೆ ಹೋಗಬೇಕೆಂಬ ಜಗಳ. ಆಮೇಲೆ ಅವಳೇ ಕಲಿಸುವವಳಾದಳು.

"ಅಲ್ಲಿ ಏನು ಮಾಡ್ತೀಯ, ಸರಿಯಾಗಿ ಹೇಳೇ," ಎಂದು ವಿಶ್ವನಾಥ ಕೇಳದ ದಿನವಿಲ್ಲ.

"ನಿಮಗೆ ಕೂಗಿ ಹೇಳಿ ನನ್ನ ಗಂಟಲು ಹೋಗ್ಲಾ? ಒಂದಿನ ಕರ್ಕೊಂಡೋಗಿ ತೋರಿಸ್ತೀನಿ, ಬುಡಿ," ಎನ್ನುತ್ತಿದ್ದಳು. ಆ ಒಂದು ದಿನ ಬರಲೇ ಇಲ್ಲ. ಲೋಕದವರನ್ನೆಲ್ಲ ಪ್ರಶ್ನೆ ಕೇಳಿದ ಮನುಷ್ಯನಿಗೆ ತನ್ನ ಹೆಂಡತಿ ಹಗಲೆಲ್ಲ ಏನು ಮಾಡುತ್ತಿದ್ದಳು ಎಂಬುದೊಂದು ಗೊತ್ತಿರಲಿಲ್ಲ.

*

ಗಿರಣಿಯ ಬಾಗಿಲು ಹಾಕಿದ ಮೇಲೆ ಹೊರಗಿನ ಗದ್ದಲ ಕಡಿಮೆಯಾಯಿತು. ವಿಶ್ವನಾಥ ಮೂಟೆಯ ಮೇಲೆ ಕೂತು ಕಿವಿಯ ಹಿಂದೆ ಕೈ ಇಟ್ಟುಕೊಂಡ.

"ನಾನು ನೀರು ಬಿಡ್ಲಿಲ್ಲ ಸಾರ್," ಎಂದಳು ಲಾಸ್ಯ ಜೋರಾಗಿ. "ಅಕ್ಕ ಹೋದಾಗ ನಾನು ಹತ್ರಾನೂ ಇರ್ಲಿಲ್ಲ. ನಾಕನೇ ಫ್ಲೋರಲ್ಲಿದ್ದೆ. ಅವ್ರು ಕೆಳಗೆ ಬೇಸ್‌ಮೆಂಟಲ್ಲಿ ಒಬ್ರೇ ಇದ್ರು."

ವಿಶ್ವನಾಥನ ಕೈ ಕಿವಿಯಿಂದ ಜಾರಿತು. ನಿನ್ನೆಯಿಂದ ಅವನು ಹಿಡಿದುಕೊಂಡಿದ್ದುದು, ಹೋಗುವಾಗ ಅವಳು ಒಬ್ಬಳೇ ಇರಲಿಲ್ಲ ಎಂಬ ಅದೊಂದೇ ಸಮಾಧಾನವನ್ನು. ಅದೂ ಹೋಯಿತು. ಬೈಯುತ್ತಾನೆ ಎಂದುಕೊಂಡು ಲಾಸ್ಯ ಕಾದಳು. ಅವನು ಬೈಯಲಿಲ್ಲ, ತನ್ನ ಸ್ವಭಾವದಂತೆ ಕೇಳಿದ.

"ನಾಕನೇ ಫ್ಲೋರಲ್ಲಿ ಏನು ಮಾಡ್ತಿದ್ದೆ?"

*

ಇಲವಾಲದ ಹಾದಿಯಲ್ಲಿ ಏಳುತ್ತಿದ್ದ ಹೊಸ ಆಸ್ಪತ್ರೆಯ ಕಟ್ಟಡ ಅದು. ಗಾರೆಯವರು ಬೇಸ್‌ಮೆಂಟಿನಲ್ಲಿ ಕೆಲಸ ಮಾಡುವಾಗ ಅಲಾರಂ ತಂತಿಗಳ ಮೇಲಿನ ಹೆಸರು ಚೀಟಿಗಳನ್ನೆಲ್ಲ ಕಿತ್ತುಹಾಕಿದ್ದರು. ಯಾವ ಜೋಡಿ ಯಾವ ಕೋಣೆಯದೆಂದು ಒಂದೊಂದಾಗಿ ಮತ್ತೆ ಹುಡುಕಬೇಕಾಗಿತ್ತು. ಅದಕ್ಕೆ ಇಬ್ಬರು ಬೇಕು. ಮೇಲಿನವರು ಒಂದು ಕೋಣೆಯ ಜೋಡಿ ತಂತಿಯ ತುದಿಗಳನ್ನು ಬೆರಳಲ್ಲಿ ಒತ್ತಿ ಕೂಡಿಸಿ ಹಿಡಿಯಬೇಕು. ಕೆಳಗಿನವರು ಕಂತೆಯಲ್ಲಿ ಒಂದೊಂದೇ ಜೋಡಿಗೆ, ತಂತಿ ಪರೀಕ್ಷಿಸುವ ಪುಟ್ಟ ಮೀಟರಿನ ಕ್ಲಿಪ್ಪು ಸಿಕ್ಕಿಸುತ್ತ ಹೋಗಬೇಕು. ಸರಿಯಾದ ಜೋಡಿ ಸಿಕ್ಕಾಗ ಮೀಟರು ಕುಂಯ್ ಎನ್ನುತ್ತದೆ. ಅದಕ್ಕೊಂದು ಬಿಳಿ ಟೇಪು ಸುತ್ತಿ ಕೋಣೆಯ ನಂಬರು ಬರೆಯಬೇಕು. ಬೇಸ್‌ಮೆಂಟಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಗಾಗಿ ಬರೆದಾದ ಮೇಲೆ ಶಾಂತಾದೇವಿ ಮೇಲಿನವರೆಗೂ ಹೋಗುವ ಕಬ್ಬಿಣದ ಪೈಪಿಗೆ ಎರಡು ಏಟು ಹಾಕುತ್ತಿದ್ದಳು. ಆಗ ಮೇಲಿನವರು ಮುಂದಿನ ಕೋಣೆಗೆ.

"ನಾನು ತಟ್ಟೋವರ್ಗೂ ಬಿಡಬಾರ್ದು," ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು. "ನೀನು ನಡುವೆ ಬಿಟ್ಟರೆ ನಾನು ಸರಿಯಾದ್ದನ್ನೇ ತಪ್ಪು ಅಂದ್ಕೊಂಡು ಮುಂದಕ್ಕೆ ಹೋಗ್ತೀನಿ. ಆಮೇಲೆ ಒಂದು ಕೋಣೇಲಿ ಬೆಂಕಿ ಬಿದ್ರೆ ಇನ್ನೊಂದು ಕೋಣೆ ಹೆಸರು ತೋರಿಸ್ತದೆ. ರೋಗಿಗಳು ಮಲಗಿರೋ ಜಾಗ ಕಣೇ ಇದು."

ನಿನ್ನೆ ಮಧ್ಯಾಹ್ನ ಕೆಲವು ಕೋಣೆ ಮುಗಿದ ಮೇಲೆ ಏಟು ಬೀಳಲಿಲ್ಲ. ಲಾಸ್ಯ ಹಿಡಿದೇ ನಿಂತಳು. ಕಂತೆ ಗೋಜಲಾಗಿರಬೇಕು ಎಂದುಕೊಂಡಳು. ಟೀಗೆ ಹೊರಟ ಬಣ್ಣದವರು ಕರೆದರು. "ಅಕ್ಕ ಇನ್ನೂ ತಟ್ಟಿಲ್ಲ," ಎಂದಳು. ಅವರು ಟೀ ಕುಡಿದು ವಾಪಸು ಬಂದರು. ಅವಳ ಹೆಬ್ಬೆರಳು ಜೋಮು ಹಿಡಿಯಿತು. ಕಿಟಕಿಯ ಬಿಸಿಲು ಎದುರು ಗೋಡೆಗೆ ಏರಿತು. ಕೊನೆಗೆ ಬೈಸಿಕೊಂಡರೂ ಪರವಾಗಿಲ್ಲ ಎಂದು ತಂತಿ ಬಿಟ್ಟು ಕೆಳಗೆ ಓಡಿದಳು.

*

"ಬೇಗ ಬಿಟ್ಟು ಬಂದಿದ್ರೆ ಉಳೀತಿದ್ರೋ ಏನೋ," ಎಂದಳು ಲಾಸ್ಯ. ಅಳುತ್ತಲೇ ಕೂಗಿ ಹೇಳಬೇಕಾಗಿತ್ತು.

"ಇರಬಹುದು," ಎಂದ ವಿಶ್ವನಾಥ. "ಡಾಕ್ಟ್ರು ಹಾರ್ಟು ನಿಂತು ಒಂದೇ ಸಲಕ್ಕೆ ಹೋಗಿರ್ಬೇಕು ಅಂದ್ರು. ಅವ್ರೇನು ನೋಡಿದ್ರಾ. ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ." ಆಮೇಲೆ, "ಹೆಂಗಿದ್ಲು ಅವ್ಳು?"

"ಗೋಡೆಗೆ ಒರಗಿ ಕೂತಿದ್ರು. ನಿದ್ದೆ ಹೋದಂಗೆ. ಕೈ ತಣ್ಣಗಿತ್ತು."

"ಮೀಟರು?"

"ತೊಡೆ ಮೇಲಿತ್ತು."

"ಕ್ಲಿಪ್ಪು?"

"ತಂತೀಲೇ ಇತ್ತು ಸಾರ್. ನಾನೇ ತೆಗೆದೆ."

"ಯಾವ ತಂತಿ? ನೀನು ಹಿಡ್ಕೊಂಡಿದ್ಯಲ್ಲ, ಅದೋ? ಬೇರೆದೋ?"

ಲಾಸ್ಯ ಕಣ್ಣೊರೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಬಿಳಿ ಟೇಪು ಕಣ್ಣ ಮುಂದೆ ಬಂತು. ಅದರ ಮೇಲೆ ಶಾಂತಕ್ಕನ ದುಂಡು ಅಕ್ಷರ. ನಿನ್ನೆ ನೋಡಿದ್ದಳು, ಆದರೆ ನೋಡಿದ್ದನ್ನು ಯೋಚಿಸಿರಲಿಲ್ಲ.

"ನಂದೇ," ಎಂದಳು. "ಟೇಪು ಸುತ್ತಿ ನಂಬರು ಬರೆದಿದ್ರು. ನಾನಿದ್ದ ಕೋಣೇದೇ. ಸದ್ದು ಬರದೆ ಅಕ್ಕ ಬರೆಯಲ್ಲ ಸಾರ್."

"ಬರೆದ ಮೇಲೆ ಸದ್ದು ನಿಂತೋಗುತ್ತಾ?"

"ಇಲ್ಲ. ನಾನು ಹಿಡಿದಿರೋವರ್ಗೂ ಬರ್ತಾನೇ ಇರುತ್ತೆ."

"ಹಂಗಾದ್ರೆ ನೀನು ಕೈ ಬಿಡೋವರ್ಗೂ ಅವ್ಳ ತೊಡೆ ಮೇಲೆ..." ವಿಶ್ವನಾಥ ಎದ್ದು ನಿಂತ. "ಆ ಮೀಟರು ಎಲ್ಲಿದೆ?"

ಅದು ಲಾಸ್ಯಳ ಬ್ಯಾಗಿನಲ್ಲೇ ಇತ್ತು. ಮನೆಯವರಿಗೆ ಒಪ್ಪಿಸಲು ತಂದಿದ್ದಳು. ಬ್ಯಾಗಿನ ತಳದಲ್ಲಿ ಒಂದು ಸುರುಳಿ ಜೋಡಿ ತಂತಿಯೂ ಇತ್ತು. ವಿಶ್ವನಾಥ ಹೇಳಿದಂತೆ ಒಂದು ತುದಿಗೆ ಕ್ಲಿಪ್ಪು ಸಿಕ್ಕಿಸಿ ಮೀಟರನ್ನು ಅವನ ಕೈಗೆ ಕೊಟ್ಟು, ಸುರುಳಿ ಬಿಚ್ಚುತ್ತ ಗಿರಣಿಯ ಯಂತ್ರದ ಹಿಂದಕ್ಕೆ ಹೋದಳು. ಅಲ್ಲಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ.

ವಿಶ್ವನಾಥ ಮೀಟರನ್ನು ಕಿವಿಗೆ ಒತ್ತಿಕೊಂಡ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ, ಒಂದೇ ಸಮನೆ, ಕುಂಯ್ ಎಂಬ ಸದ್ದು. ಜನರ ಮಾತು ಕೇಳದ ಕಿವಿಗೆ ಅದು ಕೇಳಿಸಿತು.

"ಬಿಡು," ಎಂದು ಕೂಗಿದ. ಸದ್ದು ನಿಂತಿತು. "ಹಿಡಿ." ಬಂತು.

ಆಮೇಲೆ ಅವನು ಏನೂ ಕೂಗಲಿಲ್ಲ. ಲಾಸ್ಯ ಯಂತ್ರದ ಹಿಂದೆ ಹಿಡಿದೇ ನಿಂತಿದ್ದಳು. ಹೊರಗೆ ಮರಿಯಯ್ಯನವರು ಬಾಗಿಲು ತಟ್ಟಿ, ವ್ಯಾನು ಬಂದಿದೆ ಎಂದರು. ವಿಶ್ವನಾಥನಿಗೆ ಅದು ಕೇಳಿಸಲಿಲ್ಲ. ಮೀಟರು ಕಿವಿಗಿಟ್ಟುಕೊಂಡು ಅವನು ಮಗುವಿನಂತೆ ಅಳುತ್ತಿದ್ದ.

*

ರುದ್ರಭೂಮಿಯಲ್ಲಿ ಗುಂಡಿ ಸಿದ್ಧವಾಗಿತ್ತು. ಶಾಂತಾದೇವಿಯನ್ನು ಕೂತಂತೆಯೇ ಇಳಿಸಿ, ಸುತ್ತ ಬಿಲ್ವದ ಎಲೆ ಹಾಕಿದರು. ಮರಿಯಯ್ಯನವರು ಮಂತ್ರ ಹೇಳಿ ಮುಗಿಸಿ ವಿಭೂತಿಯ ತಟ್ಟೆ ಎತ್ತಿದರು. ವಿಶ್ವನಾಥ ಬಾಗಿ ಹೆಂಡತಿಯ ನೆತ್ತಿಯ ಮೇಲೆ ವಿಭೂತಿ ಹಾಕಿದ.

ಲಾಸ್ಯ ಹೆಂಗಸರ ಹಿಂದೆ, ಬೇಲಿಯ ಹತ್ತಿರ ನಿಂತಿದ್ದಳು. ಹೇಳಬೇಕಾದ್ದು ಹೇಳಿಯಾಗಿತ್ತು, ಇನ್ನು ತನಗೆ ಮುಂದೆ ಕೆಲಸವಿಲ್ಲ ಎಂದುಕೊಂಡಿದ್ದಳು.

"ನೀರು ಬಿಟ್ಟೋರು ಬನ್ನಿ," ಎಂದರು ಮರಿಯಯ್ಯನವರು.

"ನೀರು ಬಿಟ್ಟಿಲ್ಲ ಅಯ್ನೋರೆ," ಎಂದ ವಿಶ್ವನಾಥ, ಕಿವುಡರ ಗಟ್ಟಿ ದನಿಯಲ್ಲಿ. ಕಮಲ ಬಾಯಿಗೆ ಸೆರಗು ಒತ್ತಿಕೊಂಡಳು. "ನೀರು ಯಾರೂ ಬಿಟ್ಟಿಲ್ಲ. ಆದ್ರೆ ಅವ್ಳು ಒಬ್ಳೇ ಇರ್ಲಿಲ್ಲ. ಬಾ ಲಾಸ್ಯ."

ಜನ ದಾರಿ ಬಿಟ್ಟರು. ಲಾಸ್ಯ ಗುಂಡಿಯ ಅಂಚಿಗೆ ಬಂದು ಮೊಣಕಾಲೂರಿದಳು. ಮರಿಯಯ್ಯನವರು ತಟ್ಟೆ ಒಡ್ಡಿದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಚಿಟಿಕೆ ವಿಭೂತಿ ಹಿಡಿದು ಅವಳು ಕೈ ಚಾಚಿದಳು. ಬೆರಳುಗಳು ಶಾಂತಾದೇವಿಯ ನೆತ್ತಿಯ ಮೇಲೆ ನಿಂತವು. ಒಂದನ್ನೊಂದು ಬಿಡಲಿಲ್ಲ. ಒತ್ತಿದ ಉಗುರಿನ ತುದಿ ಬೆಳ್ಳಗಾಯಿತು.

"ಹಾಕಮ್ಮ," ಎಂದರು ಮರಿಯಯ್ಯನವರು. ಸ್ವಲ್ಪ ತಡೆದು, "ಬಿಡಮ್ಮ, ಹೊತ್ತಾಗ್ತದೆ."

ವಿಶ್ವನಾಥ ಅವರ ತೋಳು ಮುಟ್ಟಿದ.

"ಇರ್ಲಿ ಅಯ್ನೋರೆ," ಎಂದ. "ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರ್ಲಿ."