ಅಂಚಿಗೆ ಕಟ್ಟಿದ ಎಳೆ

ಮೂರು ಪುಟದ ಇಂಗ್ಲಿಷಿನಲ್ಲಿ ನನ್ನನ್ನು ಕಳ್ಳಿ ಎಂದು ಕರೆದಿದ್ದರು. ಆ ಪದವೊಂದನ್ನು ಬಿಟ್ಟು ಉಳಿದ ಎಲ್ಲ ಪದಗಳನ್ನೂ ಬಳಸಿದ್ದರು. ನಾನು ಆಂಧ್ರದ ಕಲ್ಯಾಣದುರ್ಗದ ಡಿಗ್ರಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಲಾಯರ್ ನೋಟೀಸು ಕಾಲೇಜಿನ ವಿಳಾಸಕ್ಕೇ ಬಂದು, ನನಗಿಂತ ಮೊದಲು ಪ್ರಿನ್ಸಿಪಾಲರೇ ಅದನ್ನು ಓದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಡೆದದ್ದು ಇಷ್ಟು. ನಮ್ಮಮ್ಮ ಬನಶಂಕರಮ್ಮ ಹಿಂದೂಪುರದಲ್ಲಿ ಮಗ್ಗ ನೇಯುತ್ತಾಳೆ, ಅಲ್ಲಿನ ನೇಕಾರರ ಸಂಘದ ಸದಸ್ಯೆ. ಹೋದ ವರ್ಷ ಸಂಘದವರು ಒಂದು ಕಂಪನಿಯಿಂದ ವೆಬ್‌ಸೈಟ್ ಮಾಡಿಸಿ, ಪ್ರತಿಯೊಬ್ಬ ಸದಸ್ಯರ ಫೋಟೋ, ಆಧಾರ್, ಪಾಸ್‌ಬುಕ್, ಹೆಬ್ಬೆಟ್ಟಿನ ಗುರುತು ಎಲ್ಲವನ್ನೂ ಅದರಲ್ಲಿ ತುಂಬಿಸಿದರು. ಅಮ್ಮನ ಫೋನ್ ನಂಬರು ತಪ್ಪಾಗಿದೆಯೆಂದು ತಿದ್ದಲು ಕೂತೆ. ಅಮ್ಮನ ಸದಸ್ಯತ್ವದ ಸಂಖ್ಯೆ 412. ಕೈತಪ್ಪಿ 421 ಒತ್ತಿದೆ. ಪಾಸ್‌ವರ್ಡೂ ಕೇಳದೆ ನಮ್ಮ ಕೇರಿಯ ಯಶೋದಾ ಚಿಕ್ಕಮ್ಮನ ಪುಟ ತೆರೆದುಕೊಂಡಿತು. ಬರೀ ನೋಡುವುದಲ್ಲ, ಯಾರು ಬೇಕಾದರೂ ಯಾರದ್ದನ್ನು ಬೇಕಾದರೂ ತಿದ್ದಬಹುದಿತ್ತು.

ಅವತ್ತೇ ಸಂಘದ ಕಾರ್ಯದರ್ಶಿ ಉಮಾಶಂಕರಣ್ಣನಿಗೆ ಫೋನ್ ಮಾಡಿದೆ. "ಕಂಪ್ನಿಯೋರಿಗೆ ಹೇಳ್ತೀನಿ ಕಣಮ್ಮ" ಅಂದರು. ಎರಡು ಪತ್ರ ಬರೆದೆ. ತಿಂಗಳು ಕಳೆದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ನಾನು ಮಾಡಿದ್ದು ಮಗ್ಗದ ಮನೆಯಲ್ಲಿ ಹುಟ್ಟಿದವರು ಮಾತ್ರ ಮಾಡುವ ಕೆಲಸ. ಇನ್ನೊಬ್ಬರ ಸೀರೆಯಲ್ಲಿ ಎಳೆ ತಪ್ಪಿದ್ದು ಕಂಡರೆ ನಮ್ಮಲ್ಲಿ ಕೂಗಾಡುವುದಿಲ್ಲ. ತಪ್ಪಿದ ಜಾಗದ ನೇರಕ್ಕೆ ಅಂಚಿನಲ್ಲಿ ಒಂದು ಬಣ್ಣದ ಎಳೆ ಕಟ್ಟಿಬಿಡುತ್ತೇವೆ. ಸೀರೆ ಮಡಿಸುವವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ನಾನೂ ಹಾಗೇ, ಅಮ್ಮನನ್ನು ಕೇಳಿಕೊಂಡು, ಅವಳ ಪುಟದ ವಿಳಾಸದ ಜಾಗದಲ್ಲಿ ಬರೆದೆ: "ಈ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ದಯವಿಟ್ಟು ಸರಿಮಾಡಿ. ರಮ್ಯಾ." ಕೆಳಗೆ ನನ್ನ ಫೋನ್ ನಂಬರನ್ನೂ ಕೊಟ್ಟೆ. ಯಾವ ಕಳ್ಳಿ ಫೋನ್ ನಂಬರು ಬರೆದಿಟ್ಟು ಹೋಗುತ್ತಾಳೆ, ನೀವೇ ಹೇಳಿ.

ಅದಕ್ಕೆ ಉತ್ತರವಾಗಿ ಕಂಪನಿಯಿಂದ ಬಂದದ್ದು ಈ ನೋಟೀಸು. ಏಳು ದಿನದೊಳಗೆ, ಅಕ್ರಮವಾಗಿ ಒಳಹೊಕ್ಕು ದಾಖಲೆ ತಿದ್ದಿದ್ದು ನಿಜವೆಂದು ಸಹಿ ಮಾಡಿ ಕ್ಷಮೆ ಕೇಳಬೇಕು. ಇಲ್ಲವಾದರೆ ಪೊಲೀಸ್ ಕಂಪ್ಲೇಂಟು.

ಕಲ್ಯಾಣದುರ್ಗದ ವಕೀಲೆ ಭ್ರಮರಾಂಬ ಮೇಡಂ ನೋಟೀಸನ್ನು ಎರಡು ಸಲ ಓದಿದರು.

"ಮೋಸದ ಉದ್ದೇಶ ಇದ್ರೇನೇ ಜೈಲು ಕಣಮ್ಮ. ನಿಂಗೆ ಅದಿಲ್ಲ. ಆದ್ರೆ ಆ ಒಂದು ಸಾಲು ಬರೆದೆ ನೋಡು, ಅದೇ ಅವರ ಕೈಗೆ ಸಿಕ್ಕಿರೋದು."

"ಅಮ್ಮನ ಪುಟ ಮೇಡಂ. ಅಮ್ಮನ್ನ ಕೇಳೇ ಬರ್ದಿದ್ದು."

"ಪುಟ ನಿಮ್ಮಮ್ಮಂದು, ಸೈಟು ಸಂಘದ್ದು. ಒಪ್ಪಿಗೆ ಕೊಡಬೇಕಾದೋರು ಸಂಘದೋರು. ನಿನ್ನ ಉದ್ದೇಶ ಒಳ್ಳೇದು ಅಂತ ಕೋರ್ಟಲ್ಲಿ ಗೆಲ್ತೀಯ, ನನಗೆ ನಂಬಿಕೆ ಇದೆ. ಅಷ್ಟರಲ್ಲಿ ನಿನ್ ಲ್ಯಾಪ್‌ಟಾಪು, ಫೋನು ಸ್ಟೇಷನ್ನಲ್ಲಿ ಇರ್ತಾವೆ. ಸೈನ್ ಮಾತ್ರ ಮಾಡ್ಬೇಡ."

ನಾನು ಮಾಡುವವಳೂ ಅಲ್ಲ. ಆದರೆ ಅಮ್ಮ ದಿನಾ ಫೋನ್ ಮಾಡಿ ಅಳುತ್ತಿದ್ದಳು.

"ಸೈನ್ ಮಾಡ್ಬುಡು ಕಣಮ್ಮ. ಪೊಲೀಸ್ರು ಬಂದ್ಬುಟ್ರೆ ಕೇರಿಯೋರು ಏನನ್ಕಂತಾರೆ?"

"ಸೈನ್ ಮಾಡಿದ್ರೆ ನಾನು ಕಳ್ಳಿ ಅಂತ ನಾನೇ ಬರ್ಕೊಟ್ಟಂಗಾಯ್ತದೆ. ಆಮೇಲೆ ನನ್ನ ಯಾರು ಕಂಪ್ಯೂಟರ್ ಮುಟ್ಟಕ್ಕೆ ಬಿಡ್ತಾರೆ? ನೀನು ಸುಮ್ನಿರು, ನಾನೇ ಬತ್ತೀನಿ."

ಏಳನೆಯ ದಿನ ಭಾನುವಾರ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹಿಂದೂಪುರಕ್ಕೆ ಹೋದೆ. ನೋಟೀಸಿನ ವಿಷಯಕ್ಕೇ ಸಂಘದ ಕಚೇರಿಯಲ್ಲಿ ಸಭೆ ಸೇರಿತ್ತು: ಉಮಾಶಂಕರಣ್ಣ, ಕಂಪನಿಯಿಂದ ಬಂದ ನರೇಶ್, ಹತ್ತು ಹನ್ನೆರಡು ಸದಸ್ಯರು, ಮೂಲೆಯಲ್ಲಿ ಅಮ್ಮ. ನರೇಶ್ ನನ್ನ ಮುಂದೆ ಕ್ಷಮಾಪಣೆ ಪತ್ರ ಇಟ್ಟು ಪೆನ್ನು ಕೊಟ್ಟ. ನಾನು ಪೆನ್ನನ್ನು ವಾಪಸು ಕೊಟ್ಟೆ.

ಅವನಿಗೇನೂ ಬೇಜಾರಾಗಲಿಲ್ಲ. ಚೀಲದಿಂದ ಬೇರೆ ಕಾಗದ ತೆಗೆದ. ಕಂಪ್ಲೇಂಟಿಗೆ ಉಮಾಶಂಕರಣ್ಣ ಸಹಿ ಮಾಡಬೇಕು. ಅದರ ಜೊತೆಗೆ ಇನ್ನೊಂದು ಹೇಳಿಕೆ, ಅದಕ್ಕೆ ಅಮ್ಮನ ಸಹಿ. ಅಮ್ಮ ತೆಲುಗು ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ವಾರವೆಲ್ಲ ಸೈನ್ ಮಾಡು ಎಂದವಳು ತಾನೂ ಹೆದರಿ ಮಾಡಿಬಿಡುತ್ತಾಳೆ ಅಂದುಕೊಂಡೆ. ನಿಜ ಹೇಳುತ್ತೇನೆ, ಆ ವಾರದಲ್ಲಿ ನನಗೆ ಭಯವಾದದ್ದು ಆಗ ಮಾತ್ರ.

"ನಂಗೆ ಹೇಳ್ದೆ ತಿದ್ದವ್ಳೆ ಅಂತ ಬರ್ದದೆ," ಅಮ್ಮ ತಲೆಯೆತ್ತಿದಳು. "ಯಾರಪ್ಪ ಹೇಳಿದ್ದು ನಿಂಗೆ? ನನ್ನ ಕೇಳೇ ಬರ್ದವ್ಳೆ. ಗುರುತು ಕಟ್ಟು ಅಂತ ನಾನೂ ಅಂದೆ. ಸುಳ್ಳಿಗೆ ನಾ ಸೈನ್ ಮಾಡಕಿಲ್ಲ."

ಕಾಗದವನ್ನು ನರೇಶನ ಕಡೆಗೇ ತಳ್ಳಿದಳು. ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು.

ನರೇಶ್ ನಕ್ಕ. "ಅದೆಲ್ಲ ಅಯಿಪೋಯಿಂದಿ ಮೇಡಂ, ಮುಗಿದೋಯ್ತು. ಸೈಟನ್ನ ಮೊನ್ನೇನೇ ಸರಿಮಾಡಿದ್ದೀವಿ. ಈಗ ಉಳಿದಿರೋದು ಇವರ ತಪ್ಪು ಒಂದೇ."

"ಸರಿಮಾಡಿದ್ರೆ ನೋಡೇಬಿಡಾನ," ಅಂದರು ಉಮಾಶಂಕರಣ್ಣ. "ರಮ್ಯಾ, ನಿನ್ ಫೋನಲ್ಲಿ ನೋಡಮ್ಮ. ನನ್ ಸದಸ್ಯತ್ವದ ನಂಬರ್ ಒತ್ತು."

ಬೆರಳು ಫೋನಿನ ಮೇಲೆ ಹೋಗಿಯೇಬಿಟ್ಟಿತ್ತು. ಹಿಂದಕ್ಕೆಳೆದುಕೊಂಡೆ.

"ಬರ್ದು ಕೊಡಿ ಅಣ್ಣ."

"ಏನ್ ಬರ್ದು ಕೊಡಾದು?"

"ನಿಮ್ಮ ಪುಟ ತೆಗೆದು ನೋಡೋದಕ್ಕೆ ಸಂಘದ ಒಪ್ಪಿಗೆ ಇದೆ ಅಂತ. ತಾರೀಖು, ಸೈನು, ಸೀಲು."

ಯಾರೋ ಕಿಸಕ್ಕೆಂದರು. ಉಮಾಶಂಕರಣ್ಣ ಮಾತ್ರ ನಗಲಿಲ್ಲ. ಸಂಘದ ಲೆಟರ್‌ಹೆಡ್ ತೆಗೆದು ನಾಲ್ಕು ಸಾಲು ಬರೆದು, ಸಹಿ ಹಾಕಿ, ಸೀಲು ಒತ್ತಿದರು. ಅದನ್ನು ನರೇಶನಿಗೂ ತೋರಿಸಿ, ಆಮೇಲೆ ಅವರ ಸಂಖ್ಯೆ ಒತ್ತಿದೆ.

ಪುಟ ತೆರೆದುಕೊಂಡಿತು. ಉಮಾಶಂಕರಣ್ಣನ ಫೋಟೋ, ಆಧಾರ್, ಪಾಸ್‌ಬುಕ್, ಎಡಗೈ ಹೆಬ್ಬೆಟ್ಟು. ಕೆಳಗೆ ತಿದ್ದುವ ಗುಂಡಿಯೂ ಹಾಗೇ ಇತ್ತು. ಫೋನನ್ನು ಅವರ ಕೈಗೇ ಕೊಟ್ಟೆ. ಅವರು ತುಂಬ ಹೊತ್ತು ತಮ್ಮ ಹೆಬ್ಬೆಟ್ಟನ್ನೇ ನೋಡಿದರು. ನರೇಶ್ ಆಫೀಸಿಗೆ ಫೋನ್ ಮಾಡುತ್ತೇನೆಂದು ಎದ್ದ.

"ಕೂತ್ಕಳಪ್ಪ," ಅಂದರು ಉಮಾಶಂಕರಣ್ಣ. ಕಂಪ್ಲೇಂಟಿನ ಕಾಗದವನ್ನು ನಾಲ್ಕಾಗಿ ಮಡಿಸಿ ಅವನ ಮುಂದಿಟ್ಟರು. "ಇದಕ್ಕೆ ಸಂಘದ ಸೈನ್ ಬೀಳಾಕಿಲ್ಲ. ಮೊದ್ಲು ಸೈಟ್ ನಿಲ್ಸು, ಈಗ್ಲೇ. ಆ ನೋಟೀಸ್ ವಾಪಸ್ ತಗಂಡಿದೀವಿ ಅಂತ ಇಲ್ಲೇ ಬರ್ದು ಕೊಡು. ರಮ್ಯಾ ಹೇಳಿದ್ದನ್ನ ನಾನೇ ಮೊದ್ಲು ಕೇಳ್ಬೇಕಾಗಿತ್ತು."

ನರೇಶ್ ಬರೆದುಕೊಟ್ಟ. ಹೊರಡುವಾಗ ಉಮಾಶಂಕರಣ್ಣ ನನಗೆ ಕೊಟ್ಟಿದ್ದ ಒಪ್ಪಿಗೆಯ ಕಾಗದವನ್ನು ಫೈಲಿಗೆ ಹಾಕಲು ಕೈಚಾಚಿದರು. ನಾನು ಕೊಡುವವಳೇ ಇದ್ದೆ. ಅಷ್ಟರಲ್ಲಿ ಅಮ್ಮ ಅಡ್ಡ ಬಂದು ಅದನ್ನು ಕಿತ್ತುಕೊಂಡಳು.

"ನಿಮ್ಗೆ ಬೇಕಾದ್ರೆ ಜೆರಾಕ್ಸ್ ಮಾಡ್ಸಿ ಕೊಡ್ತೀವಿ ಅಣ್ಣ. ಸೀಲಿರೋದು ನಮ್ಮತ್ರ ಇರ್ಲಿ."