ಒಂದು ಹಿಡಿ ಅಕ್ಕಿಯ ಸದ್ದು

ಆಗ ಹೊಳೆನರಸೀಪುರದಲ್ಲಿ ಕ್ರೈಸ್ತರ ಮನೆಗಳನ್ನು ಬೆರಳಲ್ಲೇ ಎಣಿಸಬಹುದಿತ್ತು. ಹೆಂಚಿನ ಸಣ್ಣ ಪ್ರಾರ್ಥನಾ ಮಂದಿರವೊಂದಿತ್ತು. ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಹಾಸನದಿಂದ ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಆ ಮನೆಗಳನ್ನು ಒಂದಕ್ಕೊಂದು ಹೊಲಿದಿಟ್ಟಿದ್ದದ್ದು ಹಿಡಿ ಅಕ್ಕಿ.

ಪದ್ಧತಿ ಸರಳವಾದದ್ದು. ಮನೆಯಾಕೆ ಅನ್ನಕ್ಕೆಂದು ಅಳೆದುಕೊಂಡ ಅಕ್ಕಿಯಿಂದ, ತೊಳೆಯುವ ಮೊದಲು, ಒಂದು ಹಿಡಿ ತೆಗೆದು ಒಲೆಯ ಪಕ್ಕದ ಪುಟ್ಟ ಮಡಕೆಗೆ ಹಾಕಬೇಕು. ಹಾಕುವಾಗ ಮನಸ್ಸಿಗೆ ತೋಚಿದ ನಾಲ್ಕು ಮಾತು ಪ್ರಾರ್ಥನೆ ಮಾಡಬೇಕು. ತಿಂಗಳ ಕೊನೆಗೆ ಹೊನ್ನಕ್ಕ ಬಂದು ಅದನ್ನು ತನ್ನ ಚೀಲಕ್ಕೆ ಸುರಿದುಕೊಳ್ಳುವಳು. ಊರೂರು ತಿರುಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳುವ ಕೆಲಸ ಅವಳದು. ಎಲ್ಲರೂ ಅವಳನ್ನು ಬೈಬಲ್ ಹೊನ್ನಕ್ಕ ಎಂದೇ ಕರೆಯುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆಯೋ, ಬಾಣಂತನವೋ, ಸಾವೋ, ಆ ಮನೆಗೆ ಆ ಅಕ್ಕಿ ಹೋಗುತ್ತಿತ್ತು. ದಿನವೂ ಮುದ್ದೆ ಉಣ್ಣುವವರು ಕೂಡ ಅನ್ನ ಮಾಡುವ ದಿನಕ್ಕೆ ಕಾದು, ಮರೆಯದೆ ಒಂದು ಹಿಡಿ ಎತ್ತಿಡುತ್ತಿದ್ದರು.

ರೂತಮ್ಮ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಟೀಚರು. ಗಂಡ ದೇವಯ್ಯ ಆಸ್ಪತ್ರೆಯಲ್ಲಿ ಕಾಂಪೌಂಡರು. ಮಕ್ಕಳಿರಲಿಲ್ಲ. ಬೆಳಗ್ಗೆ ಅವಳು ಒಲೆಯ ಮುಂದೆ ಕುಳಿತು ಪಾವಿನಲ್ಲಿ ಅಕ್ಕಿ ಅಳೆಯುವ ಹೊತ್ತಿಗೆ ಅವನು ಹಿತ್ತಲ ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಮುಖಕ್ಕೆ ಸೋಪು ಬಳಿದುಕೊಂಡು ಗಡ್ಡ ಕೆರೆದುಕೊಳ್ಳುತ್ತಿರುವನು. ಮಡಕೆಗೆ ಅಕ್ಕಿ ಬಿದ್ದ ಸದ್ದು ಕೇಳಿದರೆ ಸಾಕು, ಅಲ್ಲಿಂದಲೇ "ಆಮೆನ್!" ಎನ್ನುವನು.

"ನನ್ನ ಪ್ರಾರ್ಥನೆ ಇನ್ನೂ ಶುರುವೇ ಆಗಿಲ್ಲ ಕಣ್ರೀ" ಎಂದು ಅವಳು ರೇಗಿದರೆ, "ನೀನು ಮುಗಿಸೋ ಹೊತ್ತಿಗೆ ನನ್ನ ಸೋಪು ಒಣಗುತ್ತೆ. ಅದಕ್ಕೆ ಅಡ್ವಾನ್ಸಾಗಿ ಹೇಳಿಬಿಡ್ತೀನಿ" ಎನ್ನುತ್ತಿದ್ದ.

ನಯಾಪೈಸೆ ಚಲಾವಣೆಗೆ ಬಂದ ವರ್ಷ, ಆಷಾಢದಲ್ಲಿ, ದೇವಯ್ಯ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಊರಿಗೆಲ್ಲ ಔಷಧಿ ಕಲಸಿ ಕೊಟ್ಟವನಿಗೆ ಯಾವ ಔಷಧಿಯೂ ನಾಟಲಿಲ್ಲ. ಮಣ್ಣಿಗೆ ಬಂದವರು ಅತ್ತರು, ಹಾಡಿದರು, ಸಾಂತ್ವನದ ಮಾತು ಹೇಳಿದರು, ತಂತಮ್ಮ ಬಸ್ಸು ಹಿಡಿದರು.

ಮೊದಲ ದಿನಗಳಲ್ಲಿ ರೂತಮ್ಮ ಕೈ ಅಭ್ಯಾಸದಂತೆ ಪಾವು ತುಂಬ ಅಕ್ಕಿ ಅಳೆದು ಬೇಯಿಸಿದಳು. ಉಣ್ಣಲು ಕುಳಿತರೆ ಪಾತ್ರೆಯಲ್ಲಿ ಇನ್ನೊಬ್ಬರ ಪಾಲು ಹಬೆಯಾಡುತ್ತ ಕಾದಿರುತ್ತಿತ್ತು. ಅದನ್ನು ನೋಡಲಾರದೆ ಕಾಗೆಗೆ ಹಾಕಿದಳು. ಒಬ್ಬರಿಗೆ ಎಷ್ಟು ಅಳೆಯಬೇಕೆಂದು ಅವಳಿಗೆ ತಿಳಿಯದು. ತಿಳಿದುಕೊಳ್ಳಲು ಮನಸ್ಸೂ ಒಪ್ಪದು. ಕಡೆಗೆ ಒಲೆ ಹಚ್ಚುವುದನ್ನೇ ಬಿಟ್ಟಳು. ಸೀಮೆಎಣ್ಣೆ ಸ್ಟೌವಿನ ಮೇಲೆ ಒಂದು ಲೋಟ ಕಾಫಿ, ಒಂದಿಷ್ಟು ಪುರಿ, ಹುರಿಗಡಲೆ, ಸಿಕ್ಕಿದರೆ ಬಾಳೆಹಣ್ಣು. ಅಷ್ಟರಲ್ಲೇ ದಿನ ಕಳೆಯಿತು.

ಅಕ್ಕಿ ಅಳೆಯದ ಮೇಲೆ ಹಿಡಿ ಎಲ್ಲಿಂದ? ಹಿಡಿ ಹೋದ ಮೇಲೆ ಪ್ರಾರ್ಥನೆಯೂ ಹೋಯಿತು. ಅವಳ ಪ್ರಾರ್ಥನೆ ಆ ಕೈಯ ಕೆಲಸಕ್ಕೆ ಅಂಟಿಕೊಂಡೇ ಬೆಳೆದಿತ್ತು. ಬೈಬಲ್ ತೆರೆದು ಕುಳಿತರೆ ಅಕ್ಷರಗಳು ಕಾಣುತ್ತಿದ್ದವು, ಮಾತು ಮಾತ್ರ ನಿಲ್ಲಿಸದ ಬಸ್ಸಿನ ಹಾಗೆ ಎದುರಿಂದ ಹಾದುಹೋಗುತ್ತಿತ್ತು. ತಲೆನೋವೆಂದು ಹೇಳಿ ಪ್ರಾರ್ಥನಾ ಮಂದಿರಕ್ಕೆ ಹೋಗುವುದನ್ನೂ ನಿಲ್ಲಿಸಿದಳು. ಶಾಲೆಯಿಂದ ಬಂದು ಬೀಗ ತೆಗೆದರೆ, ಬೆಳಗ್ಗೆ ಹೇಗೆ ಬಿಟ್ಟುಹೋಗಿದ್ದಳೋ ಹಾಗೇ ಇರುವ ಮನೆ. ಸರಿಸಿಟ್ಟ ಕುರ್ಚಿ ಸರಿದಲ್ಲೇ, ಮಡಿಸಿದ ಟವಲು ಮಡಿಸಿದಲ್ಲೇ. ದೇವಯ್ಯ ಹೋದದ್ದು ಅವಳಿಗೆ ಗೊತ್ತಿತ್ತು. ದೇವರೂ ಅವನ ಹಿಂದೆಯೇ ಹೋಗಿಬಿಟ್ಟನೇನೋ, ಇನ್ನು ಆ ಕಡೆಯಿಂದ ಉತ್ತರವೇ ಬಾರದೇನೋ ಎಂಬುದು ಅವಳು ಯಾರಿಗೂ ಹೇಳದ ಭಯ.

ಹೊನ್ನಕ್ಕ ಮಧ್ಯೆ ಮಧ್ಯೆ ಬಂದು ಮಾತಾಡಿಸಿ ಹೋಗಿದ್ದಳು. ಸಾವಿನ ಮನೆಯೆಂದು ಅಕ್ಕಿ ಕೇಳಿರಲಿಲ್ಲ. ಅರ್ಧ ದಿನದ ಶಾಲೆಯ ಒಂದು ಶನಿವಾರ, ಮಲ್ಲಿಪಟ್ಟಣ, ಅರಕಲಗೂಡು ಸುತ್ತಿಕೊಂಡು, ಚೀಲವನ್ನು ಸೊಂಟದ ಮೇಲೆ ಮಗುವಿನಂತೆ ಹೊತ್ತು ಬಂದಳು.

"ಟೀಚರಮ್ಮೋ, ಒಳಗಿದ್ದೀಯಾ? ಬಾಗ್ಲು ತಗದು ಎಲ್ಲಿಗ್ ಓದೆ?"

"ಬನ್ನಿ ಹೊನ್ನಕ್ಕ. ಕೂತ್ಕೊಳ್ಳಿ. ಕಾಫಿ ಮಾಡ್ತೀನಿ."

"ಕಾಪಿ ಇರ್ಲಿ. ಏನವ್ವ ಇಂಗಾಗಿದ್ದೀಯ, ರವಿಕೆ ತೋಳಲ್ಲಿ ಇನ್ನೊಂದು ತೋಳು ತೂರಂಗೈತೆ!" ಎನ್ನುತ್ತ ಹೊನ್ನಕ್ಕ ವಾಡಿಕೆಯಂತೆ ನೇರ ಒಲೆಯ ಬಳಿಗೆ ನಡೆದು, ಮಡಕೆಯ ಮುಚ್ಚಳ ಎತ್ತಿದಳು.

ಒಳಗೆ ಜೇಡ ಬಲೆ ಕಟ್ಟಿತ್ತು.

ರೂತಮ್ಮನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. "ಮರೆತೇಬಿಟ್ಟೆ, ಹೊನ್ನಕ್ಕ. ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ."

ಹೊನ್ನಕ್ಕ ತಣ್ಣಗಿದ್ದ ಒಲೆಯನ್ನು ನೋಡಿದಳು. ಬೂದಿ ಗಟ್ಟಿಕಟ್ಟಿತ್ತು. ಸೆರಗಿನ ತುದಿಯಿಂದ ಮಡಕೆಯ ಒಳಗನ್ನು ಒರೆಸಿ ಕೆಳಗಿಟ್ಟಳು. ಚೀಲದ ಬಾಯಿ ಬಿಚ್ಚಿ, ಮೂಲೆಯಲ್ಲಿದ್ದ ಮೊರವನ್ನು ಎಳೆದುಕೊಂಡು ಅದಕ್ಕೆ ಅಕ್ಕಿ ಸುರಿಯತೊಡಗಿದಳು.

"ಅಯ್ಯೋ, ಏನ್ ಮಾಡ್ತಿದ್ದೀರಿ? ಅದು ಕಾಣಿಕೆ ಅಕ್ಕಿ!"

"ಊಂ, ಕಾಣಿಕೆ ಅಕ್ಕಿನೇ. ಸಾವಾದ್ ಮನೇಗೆ ಕೊಡೋದು. ಇದು ಸಾವಾದ್ ಮನೆ ಅಲ್ವಾ?"

"ನನಗೆ ಸಂಬಳ ಬರುತ್ತೆ ಹೊನ್ನಕ್ಕ. ಇಲ್ಲದವರಿಗೆ ಕೊಡಿ."

"ಸಂಬಳನೇ ಬೇಯಿಸ್ಕಂಡು ಉಣ್ತಿದ್ದೀಯಾ?"

ರೂತಮ್ಮ ಸಣ್ಣ ದನಿಯಲ್ಲಿ, "ದೇವರಿಗೆ ಅಂತ ಎತ್ತಿಟ್ಟದ್ದನ್ನ ನಾನು ಉಣ್ಣೋದು ಹೇಗೆ?" ಎಂದಳು.

"ದೇವ್ರು ಯಾವತ್ತವ್ವ ಅನ್ನ ಉಂಡವ್ನೆ? ಉಣ್ಣೋರೆಲ್ಲ ನಾವೇ."

"ಸ್ವಾಮಿ ಮೀನು ತಿಂದದ್ದು ಬೈಬಲಲ್ಲಿ ಬರೆದಿದೆ" ಎಂದು ರೂತಮ್ಮನ ಒಳಗಿನ ಟೀಚರು ತಾನಾಗಿಯೇ ಬಾಯಿ ಹಾಕಿದಳು.

"ಮೀನು ತಿಂದ, ಒಪ್ದೆ. ಸಾರು ಅನ್ನ ಉಂಡಿದ್ದು ಬರ್ದೈತಾ? ಇಲ್ಲ ತಾನೇ? ಅಂಗಾದ್ರೆ ಇದು ನಿಂದೇ. ಎದ್ದೇಳು, ಸೌದೆ ಎಲ್ಲಿಟ್ಟಿದ್ದೀಯ?"

ರೂತಮ್ಮನಿಗೆ ನಗು ಬಂದಿತು. ಎಷ್ಟೋ ದಿನದಿಂದ ಬಳಸದ ಬಾಗಿಲು ತೆರೆದಂತೆ ಅದು ಕಿರುಗುಟ್ಟಿಕೊಂಡು ಬಂದಿತು, ಹಿಂದೆಯೇ ಕಣ್ಣೀರೂ ಬಂದಿತು. ಹೊನ್ನಕ್ಕ ಅದನ್ನು ನೋಡದವಳಂತೆ ಬೂದಿ ಕೆದಕಿ, ಸೌದೆ ಹೂಡಿ, ಊದುಗೊಳವೆ ಹಿಡಿದು ಕುಳಿತಳು.

ಮೊರದಲ್ಲಿದ್ದದ್ದು ಒಂದೇ ಜಾತಿಯ ಅಕ್ಕಿಯಲ್ಲ. ಕೆಂಪಕ್ಕಿಯಿತ್ತು, ದಪ್ಪಕ್ಕಿಯಿತ್ತು, ನುಚ್ಚಿತ್ತು, ಅಲ್ಲಲ್ಲಿ ಎರಡು ಕಾಳು ಸಣ್ಣಕ್ಕಿಯೂ ಇತ್ತು. "ಈ ಕೆಂಪಂದು ಮಲ್ಲಿಪಟ್ಟಣದ ಪಾಪಯ್ಯನ್ ಮನೇದು" ಎಂದಳು ಹೊನ್ನಕ್ಕ. "ಅವನ ಹೆಂಡ್ರು ಮಲ್ಲಿಗಮ್ಮ ಮಂಚ ಹಿಡ್ದವ್ಳೆ, ಕಾಲು ಬಿದ್ದೋಗೈತೆ. ಮಲಗಿದ್ದಲ್ಲೇ ಮೊರ ತರಿಸ್ಕಂಡು, ಒಂದ್ ಹಿಡಿ ಎತ್ತಿ ಹಾಕ್ಬುಟ್ಟೇ ಒಲೆಗೆ ಕಳಿಸ್ತಾಳೆ. ನಿನ್ನ ಹೆಸರೇಳ್ಕಂಡೇ ಹಾಕ್ತಾಳಂತೆ, ಈ ಮೂರ್ ತಿಂಗಳಿಂದ."

"ನನ್ನ ಹೆಸರಾ? ಅವರು ನನ್ನ ಮುಖ ಕೂಡ ನೋಡಿಲ್ಲವಲ್ಲ."

"ಮುಖ ಯಾತಕ್ಕೆ? ಹೆಸರು ಸಾಕಲ್ವಾ."

ರೂತಮ್ಮ ಪಾವು ತುಂಬ ಅಕ್ಕಿ ಅಳೆದಳು. ತೊಳೆಯಲೆಂದು ಪಾತ್ರೆಗೆ ಹಾಕುವ ಮೊದಲು ಅವಳ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ಒಂದು ಹಿಡಿ ತೆಗೆಯಿತು. ಬರಿದಾದ ಮಡಕೆಗೆ ಹಾಕಿತು.

ಜರ್ರನೆ ಸದ್ದಾಯಿತು. ಖಾಲಿ ತಳಕ್ಕೆ ತಿಂಗಳ ಮೊದಲ ಹಿಡಿ ಬಿದ್ದಾಗಿನ ಸದ್ದು.

ಅವಳು ಹಾಗೇ ಕುಳಿತಳು. ಏತಕ್ಕೆ ಕುಳಿತಿದ್ದೇನೆಂದು ಮೊದಲು ಅವಳಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಿತ್ತಲ ಜಗಲಿಯ ಕಡೆಯಿಂದ ಬರಬೇಕಾದ ಮಾತಿಗೆ ಕಿವಿ ಕಾಯುತ್ತಿತ್ತು. ಅಲ್ಲಿ ಕಂಬದಲ್ಲಿ ಮೊಳೆ ಮಾತ್ರ ಇತ್ತು. ಹೊನ್ನಕ್ಕ ಊದುವುದನ್ನು ಅರೆಗಳಿಗೆ ನಿಲ್ಲಿಸಿ, ಮತ್ತೆ ಊದತೊಡಗಿದಳು.

ಅನ್ನ ಕುದಿಯುವ ಮೊದಲೇ ಹೊನ್ನಕ್ಕ ಎದ್ದಳು. ಹಾಸನದ ಬಸ್ಸಿನ ಹೊತ್ತಾಗಿತ್ತು. "ಉಂಡೋಗಿ" ಎಂದು ರೂತಮ್ಮ ಕೈ ಹಿಡಿದಳು. "ಬಸ್ಸಿನವನು ನನ್ ತಮ್ಮನಾ, ಕಾಯಾಕೆ? ಬತ್ತೀನಿ ಮಗ. ಬೆಂದಿದ್ದು ಉಣ್ಣು, ಬೇಯದೇ ಇದ್ದದ್ದು ಅಗಿ" ಎಂದು ಹೇಳಿ ಚೀಲ ಎತ್ತಿಕೊಂಡು ಹೋದಳು.

ಹೆಂಚಿನ ಸಂದಿಯಿಂದ ಹೊಗೆ ಎದ್ದದ್ದನ್ನು ಪಕ್ಕದ ದೊಡ್ಡ ಮನೆಯ ಜಯಲಕ್ಷ್ಮಮ್ಮ ನೋಡಿರಬೇಕು. ಆ ಮನೆಯವರು ಇವರ ಮನೆಯಲ್ಲಿ ನೀರು ಕುಡಿದವರಲ್ಲ, ಇವರ ಹೊಸ್ತಿಲು ದಾಟಿದವರೂ ಅಲ್ಲ. ಹಿತ್ತಲ ಗೋಡೆಯ ಮೇಲೆ ಒಂದು ಬಟ್ಟಲು ಕಾಣಿಸಿತು, ಅದರ ಹಿಂದೆ ಬಳೆ ಸದ್ದು.

"ಟೀಚರಮ್ಮಾರೇ, ಉಳ್ಳಿಕಾಳು ಬಸ್ಸಾರು ಜಾಸ್ತಿ ಆಗೋಯ್ತು ಕಣ್ರೀ. ಗೋಡೆ ಮ್ಯಾಲಿಟ್ಟಿವ್ನಿ. ಬೆಕ್ಕು ಮೂಸೋಕ್ ಮುಂಚೆ ಎತ್ಕೊಳಿ."

ಹನ್ನೆರಡು ಜನ ಉಣ್ಣುವ ಆ ಮನೆಯಲ್ಲಿ ಸಾರು ಹೆಚ್ಚಾಗುವ ಮಾತೇ ಇರಲಿಲ್ಲ. ರೂತಮ್ಮನಿಗೂ ಅದು ಗೊತ್ತಿತ್ತು.

ಅವಳು ಒಬ್ಬಳೇ ಕುಳಿತು ಉಂಡಳು. ಬೆರಕೆ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ. ನುಚ್ಚು ಗಂಜಿಯಾಗಿತ್ತು, ಕೆಂಪಕ್ಕಿ ಹಲ್ಲಿಗೆ ಗಟ್ಟಿಯಾಗಿ ಸಿಗುತ್ತಿತ್ತು. ಒಂದೊಂದು ಗಟ್ಟಿ ಕಾಳು ಸಿಕ್ಕಾಗಲೂ ಕಾಣದ ಊರಿನ ಕಾಣದ ಮಂಚದ ಮೇಲೆ ಮಲಗಿದ ಹೆಂಗಸು ನೆನಪಾದಳು. ತಾನು ಬಾಯಿ ಮುಚ್ಚಿಕೊಂಡಿದ್ದ ದಿನಗಳಲ್ಲೆಲ್ಲ ತನ್ನ ಹೆಸರನ್ನು ಬೇರೆ ಯಾರೋ ಆ ಕಡೆಗೆ ಹೇಳುತ್ತಲೇ ಇದ್ದರು. ಅವಳು ನಿಧಾನವಾಗಿ ಅಗಿದಳು. ಪಾತ್ರೆಯಲ್ಲಿ ಇನ್ನೊಬ್ಬರ ಪಾಲು ಉಳಿಯಿತು. ಅದನ್ನು ಕಾಗೆಗೆ ಹಾಕದೆ, ನೀರು ಬೆರೆಸಿ ರಾತ್ರಿಗೆ ಮುಚ್ಚಿಟ್ಟಳು.

ಮರುದಿನ ಭಾನುವಾರ. ಬೆಳಗ್ಗೆ ಒಲೆ ಹಚ್ಚಿ ಅಕ್ಕಿ ಅಳೆಯಲು ಕುಳಿತಳು. ಪಾವಿಗೆ ತುಂಬಿದ್ದನ್ನು ಕೊಂಚ ನೋಡಿ, ಅರ್ಧವನ್ನು ಡಬ್ಬಕ್ಕೆ ವಾಪಸು ಸುರಿದಳು. ಉಳಿದದ್ದರಿಂದ ಒಂದು ಹಿಡಿ ತೆಗೆದು ಮಡಕೆಗೆ ಹಾಕಿದಳು. "ಮಲ್ಲಿಗಮ್ಮ" ಎಂದಳು. ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ಹೆಸರು ಸಾಕಲ್ವಾ, ಎಂದಿದ್ದಳು ಹೊನ್ನಕ್ಕ.

ನಿನ್ನೆಯ ಅಕ್ಕಿಯ ಮೇಲೆ ಬಿದ್ದದ್ದರಿಂದ ಈ ಸಲ ಸದ್ದು ಮೆತ್ತಗಿತ್ತು. ಮುಖಕ್ಕೆ ಸೋಪು ಬಳಿದುಕೊಂಡ ಗಂಡಸೊಬ್ಬ ಬಾಯಿ ತೆರೆಯಲು ಎಷ್ಟು ಹೊತ್ತು ಹಿಡಿಯುವುದೋ ಅಷ್ಟು ಹೊತ್ತು ಅವಳು ಕಾದಳು. ಆಮೇಲೆ ಹಿತ್ತಲ ಬಾಗಿಲ ಕಡೆ ತಿರುಗಿ, ಪಕ್ಕದ ಮನೆಗೂ ಕೇಳಿಸುವಂತೆ, ತಾನೇ ಹೇಳಿದಳು:

"ಆಮೆನ್."